ನೀಲಿಯ ಹದ: ಸಯನೋಟೈಪ್ ದ್ರಾವಣ ಮನೆಯಲ್ಲೇ ಬೆರೆಸುವ ಬಗೆ

ಒಂದೇ ಬಾಟಲಿಯ ದ್ರಾವಣ, ಒಂದೇ ಕಾಗದ, ಒಂದೇ ನೆಗೆಟಿವ್. ಬೆಂಗಳೂರಿನ ನಮ್ಮ ಮನೆಯ ಬೋರ್‌ವೆಲ್ ನೀರಿನಲ್ಲಿ ತೊಳೆದ ಚಿತ್ರ ಹತ್ತೇ ನಿಮಿಷದಲ್ಲಿ ಹಳೇ ಜೀನ್ಸ್ ಪ್ಯಾಂಟಿನ ಬಣ್ಣಕ್ಕೆ ಇಳಿಯಿತು. ಮರುವಾರ ಉಡುಪಿ ಕಡೆಯ ನಮ್ಮೂರಿಗೆ ಹೋದಾಗ ಬಾವಿಯಿಂದ ಸೇದಿದ ನೀರಲ್ಲಿ ತೊಳೆದದ್ದು ಶಂಖಪುಷ್ಪದಂತೆ ಕಡುನೀಲಿಯಾಗಿ ನಿಂತಿತು. ಅಲ್ಲಿಯವರೆಗೆ ನಾನು ಪುಡಿಯ ತೂಕ, ಬಿಸಿಲಿನ ನಿಮಿಷ, ಕಾಗದದ ಜಾತಿ ಎಲ್ಲದರ ಮೇಲೂ ಅನುಮಾನಪಟ್ಟಾಗಿತ್ತು. ನೀರಿನ ಮೇಲೆ ಮಾತ್ರ ಪಟ್ಟಿರಲಿಲ್ಲ. ಬಿಸಿಲಿನಿಂದಲೇ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ಈ ಸಯನೋಟೈಪಿಗೆ ಎರಡು ರಾಸಾಯನಿಕ ಸಾಕು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಯಾರೂ ಪಟ್ಟಿಗೆ ಸೇರಿಸದ ಮೂರನೆಯದು ನಲ್ಲಿಯಿಂದ ಬರುತ್ತದೆ.

ಸಿದ್ಧ ಕಿಟ್ ಕೊಂಡು ಮಾಡಬಹುದು, ತಪ್ಪೇನಿಲ್ಲ. ಆದರೆ ಕಿಟ್‌ನಲ್ಲಿ ಮಾಡಿದ್ದು ಕೆಟ್ಟರೆ ಯಾಕೆ ಕೆಟ್ಟಿತು ಅಂತ ಹಿಡಿಯುವುದು ಕಷ್ಟ. ತಾನೇ ತೂಗಿ ಕರಗಿಸಿದವರಿಗೆ ಯಾವ ಬಾಟಲಿಯಲ್ಲಿ ಏನಿದೆ, ಎಷ್ಟಿದೆ, ಯಾವತ್ತಿನದು ಅನ್ನುವುದಾದರೂ ಗೊತ್ತಿರುತ್ತದೆ. ಜೊತೆಗೆ ತುಂಬಾ ಅಗ್ಗ. ಕೆಳಗೆ ಹೇಳುವ ಅಳತೆಯಲ್ಲಿ ಒಮ್ಮೆ ಬೆರೆಸಿದರೆ 200 ಮಿ.ಲೀ. ದ್ರಾವಣ, ಎ4 ಗಾತ್ರದ ಅರವತ್ತಕ್ಕೂ ಹೆಚ್ಚು ಹಾಳೆಗೆ ಬರುತ್ತದೆ.

ಈ ವಿಧಾನ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಮರುವರ್ಷದಿಂದಲೇ ಆನಾ ಅಟ್ಕಿನ್ಸ್ ಎಂಬಾಕೆ ಕಡಲಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಬಿಸಿಲಿಗೊಡ್ಡಿ ನೂರಾರು ಚಿತ್ರ ಮಾಡಿದರು. 1870ರ ದಶಕದಿಂದಾಚೆ ಎಂಜಿನಿಯರುಗಳು ಕಟ್ಟಡ, ಸೇತುವೆಗಳ ನಕ್ಷೆಯ ಪ್ರತಿ ತೆಗೆಯಲು ಇದನ್ನೇ ಹಿಡಿದುಕೊಂಡರು. ನಾವು ಇವತ್ತು ಮನೆಗೂ, ಬಜೆಟ್ಟಿಗೂ, ಚುನಾವಣೆಯ ತಂತ್ರಕ್ಕೂ ‘ನೀಲನಕ್ಷೆ’ ಅನ್ನುತ್ತೇವಲ್ಲ, ಆ ಪದದೊಳಗಿನ ನೀಲಿ ಇದೇ.

ಒಳಗೆ ನಡೆಯುವುದಿಷ್ಟು. ಫೆರಿಕ್ ಅಮೋನಿಯಂ ಸಿಟ್ರೇಟ್‌ನಲ್ಲಿರುವ ಫೆರಿಕ್ ಕಬ್ಬಿಣ ಬಿಸಿಲಿನ ಅತಿನೇರಳೆ ಕಿರಣ ಬಿದ್ದ ಕಡೆ ಫೆರಸ್ ಆಗುತ್ತದೆ. ಆ ಫೆರಸ್, ಪಕ್ಕದಲ್ಲೇ ಕಾದಿರುವ ಪೊಟ್ಯಾಸಿಯಂ ಫೆರಿಸೈನೈಡ್ ಜೊತೆ ಸೇರಿ ಪ್ರಶ್ಯನ್ ನೀಲಿ ಕಟ್ಟುತ್ತದೆ. ಈ ನೀಲಿ ನೀರಿನಲ್ಲಿ ಕರಗುವುದಿಲ್ಲ, ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಬಿಸಿಲು ಕಾಣದ ಭಾಗ ಕರಗಿ ಹೋಗುತ್ತದೆ. ಡೆವಲಪರ್ ಇಲ್ಲ, ಫಿಕ್ಸರ್ ಇಲ್ಲ, ಕತ್ತಲೆಕೋಣೆಯೂ ಬೇಡ. ಇರುವ ಒಂದೇ ವೈರಿ ಕ್ಷಾರ. ಪ್ರಶ್ಯನ್ ನೀಲಿಗೆ ಕ್ಷಾರ ತಾಗಿದರೆ ಅದು ಒಡೆದು ಹಳದಿ ತುಕ್ಕಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು, ಕ್ಷಾರದ ಕಡೆಗೆ ವಾಲಿದ್ದು. ಕರಾವಳಿಯ ಮುರಕಲ್ಲಿನ ಬಾವಿಯ ನೀರು ಮೆದು, ತುಸು ಆಮ್ಲದ ಕಡೆಗೆ. ನನ್ನ ಎರಡು ಚಿತ್ರಗಳ ನಡುವೆ ಇದ್ದದ್ದು ಇಷ್ಟೇ ವ್ಯತ್ಯಾಸ.

ಸಾಮಾನು

ಮೊದಲ ಸಲ ರಾಸಾಯನಿಕದ ಅಂಗಡಿಯಲ್ಲಿ ಚೀಟಿ ಕೊಟ್ಟಾಗ ಕೌಂಟರಿನವರು ಅದನ್ನು ಎರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿ, “ಸೈನೈಡ್ ಯಾಕೆ ಬೇಕು?” ಅಂದರು. ಸೈನೈಡ್ ಅಲ್ಲ, ಫೆರಿಸೈನೈಡ್ ಅಂತ ವಿವರಿಸಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ಫೋನಿನಲ್ಲಿದ್ದ ನೀಲಿ ಚಿತ್ರ ತೋರಿಸಿದ ಮೇಲೆಯೇ ಪುಡಿ ಕೈಗೆ ಬಂದದ್ದು. ಅವರ ಅನುಮಾನ ಸಹಜವೇ. ಫೆರಿಸೈನೈಡ್‌ನಲ್ಲಿ ಸೈನೈಡ್ ಗುಂಪುಗಳು ಕಬ್ಬಿಣಕ್ಕೆ ಎಷ್ಟು ಗಟ್ಟಿಯಾಗಿ ಕಟ್ಟಿಕೊಂಡಿರುತ್ತವೆ ಎಂದರೆ ಮಾಮೂಲಿ ಬಳಕೆಯಲ್ಲಿ ಅದು ಕಡಿಮೆ ವಿಷದ ವಸ್ತು. ಆದರೆ ಗಾಢ ಆಸಿಡ್ ಮತ್ತು ಬಿಸಿ ಸೇರಿದರೆ ಆ ಗಂಟು ಬಿಚ್ಚಿ ವಿಷಾನಿಲ ಬರಬಹುದು. ಹಾಗಾಗಿ ಮನೆಯಲ್ಲಿ ಒಂದು ಕಟ್ಟುನಿಟ್ಟು ಇರಲಿ. ಈ ಬಾಟಲಿ ಬಚ್ಚಲು ತೊಳೆಯುವ ಆಸಿಡ್ಡಿನ ಹತ್ತಿರ ಇಡಬಾರದು, ಉಳಿದ ದ್ರಾವಣವನ್ನು ಆ ಆಸಿಡ್ ಹಾಕಿದ ಕಮೋಡಿಗೆ ಸುರಿಯಲೂ ಬಾರದು.

ಫೆರಿಕ್ ಅಮೋನಿಯಂ ಸಿಟ್ರೇಟ್ ಕೇಳುವಾಗ ‘ಹಸಿರು’ ಅಂತ ಒತ್ತಿ ಹೇಳಿ. ಇದೇ ಹೆಸರಿನಲ್ಲಿ ಕಂದು ಬಣ್ಣದ್ದೂ ಸಿಗುತ್ತದೆ, ಅದಕ್ಕೆ ಬೆಳಕಿನ ಸ್ಪಂದನೆ ಕಡಿಮೆ. ಇದರ ಇನ್ನೊಂದು ಚಾಳಿ, ಗಾಳಿಯ ತೇವ ಹೀರುವುದು. ಜುಲೈನಲ್ಲಿ ಊರಿನ ಮನೆಯಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟು ಊಟಕ್ಕೆ ಹೋಗಿ ಬಂದೆ. ಮೇಲಿನ ಪುಡಿ ಒದ್ದೆ ಬೆಲ್ಲದ ಹಾಗೆ ಅಂಟಿಕೊಂಡಿತ್ತು. ತೇವ ಕುಡಿದ ಪುಡಿಯನ್ನು 25 ಗ್ರಾಂ ತೂಗಿದರೆ ಅದರಲ್ಲಿ ನೀರೂ ಸೇರಿರುತ್ತದೆ. ಮಳೆಗಾಲದಲ್ಲಿ ಡಬ್ಬಿ ತೆರೆದ ದಿನವೇ ಅಷ್ಟನ್ನೂ ದ್ರಾವಣ ಮಾಡಿಟ್ಟುಬಿಡುವುದು ಜಾಣತನ.

ನೀರಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸಾಕು, ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. ಅದೇ ಅಂಗಡಿಯಲ್ಲಿ ಅಂಥದ್ದೇ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ಡೂ ಇರುತ್ತದೆ, ಹಾಗಾಗಿ ಲೇಬಲ್ ಓದಿಯೇ ತನ್ನಿ, ಸೀಲ್ ಇರುವುದನ್ನೇ ತನ್ನಿ. ಆರ್‌ಒ ನೀರಿನಲ್ಲೂ ಸಯನೋಟೈಪ್ ನಡೆಯುತ್ತದೆ. ನೇರ ನಲ್ಲಿ ನೀರು ಬೇಡ.

ಇನ್ನು 0.01 ಗ್ರಾಂ ತೋರಿಸುವ, ಚಿನ್ನ ತೂಗುವ ಪುಟ್ಟ ತಕ್ಕಡಿ; 100 ಮಿ.ಲೀ. ಅಳತೆಯ ಸಿಲಿಂಡರ್; ಗಾಜಿನ ಕಡ್ಡಿ; ಕಂದು ಗಾಜಿನ ಎರಡು ಬಾಟಲಿ (ಟಾನಿಕ್ ಬಾಟಲಿ ತೊಳೆದು ಒಣಗಿಸಿದರೂ ಆದೀತು); ಸೂಜಿ ತೆಗೆದ 5 ಮಿ.ಲೀ. ಸಿರಿಂಜ್ ಎರಡು, ಕೈಗವಸು. ಪುಡಿ ತೂಗುವಾಗ ಮಾಸ್ಕ್ ಹಾಕಿ. ಇದಕ್ಕೆ ಬಳಸಿದ ಚಮಚ, ಲೋಟ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮ ಮನೆಯಲ್ಲಿ ಅವಕ್ಕೆ ಕೆಂಪು ನೇಲ್‌ಪಾಲಿಶ್‌ನ ಬೊಟ್ಟು ಇಟ್ಟಿದ್ದೇವೆ.

ಬೆರೆಸುವುದು

ಅಳತೆ ಹೀಗೆ. ಮೊದಲ ಬಾಟಲಿಗೆ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಒಟ್ಟು 100 ಮಿ.ಲೀ. ಎರಡನೆಯದಕ್ಕೆ ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ, ಒಟ್ಟು 100 ಮಿ.ಲೀ. ಕೆಲವರು 20ಕ್ಕೆ 8 ಹಾಕುತ್ತಾರೆ. ಅನುಪಾತ ಅದೇ, ದ್ರಾವಣ ಸ್ವಲ್ಪ ತೆಳು.

ಇಲ್ಲಿ ‘ಒಟ್ಟು’ ಅನ್ನುವುದನ್ನು ಗಮನಿಸಿ. 100 ಮಿ.ಲೀ. ನೀರಿಗೆ 25 ಗ್ರಾಂ ಸುರಿದರೆ ಕೊನೆಗೆ 100 ಮಿ.ಲೀ.ಗಿಂತ ಹೆಚ್ಚೇ ಆಗುತ್ತದೆ, ದ್ರಾವಣ ತೆಳುವಾಗುತ್ತದೆ. ಸರಿಯಾದ ಕ್ರಮವೆಂದರೆ:

1. ಸುಮಾರು 70 ಮಿ.ಲೀ. ಡಿಸ್ಟಿಲ್ಡ್ ನೀರನ್ನು ಉಗುರುಬೆಚ್ಚಗೆ ಮಾಡಿಕೊಳ್ಳಿ. ಕುದಿ ಬೇಡ.

2. ಸಿಟ್ರೇಟ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಕಲಕಿ. ಒಮ್ಮೆಗೇ ಸುರಿದರೆ ರವೆ ಉಪ್ಪಿಟ್ಟಿನ ಗಂಟಿನಂತೆ ಗಂಟು ಕಟ್ಟಿ ತಳದಲ್ಲಿ ಕೂರುತ್ತದೆ, ಆಮೇಲೆ ಅರ್ಧ ಗಂಟೆ ಕಡ್ಡಿ ಆಡಿಸಬೇಕು.

3. ಪೂರ್ತಿ ಕರಗಿ, ತಣಿದ ಮೇಲೆ ಸಿಲಿಂಡರಿಗೆ ಹಾಕಿ 100ರ ಗೆರೆಯವರೆಗೆ ನೀರು ತುಂಬಿ.

4. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ ಬಾಟಲಿಗೆ ಇಳಿಸಿ. ಹೆಸರು, ಪ್ರಮಾಣ, ತಾರೀಖು ಆಗಲೇ ಬರೆದು ಅಂಟಿಸಿ.

5. ಬೇರೆ ಲೋಟ, ಬೇರೆ ಕಡ್ಡಿ ತೆಗೆದುಕೊಂಡು ಫೆರಿಸೈನೈಡ್‌ಗೂ ಹೀಗೇ ಮಾಡಿ. ಇದು ಸಲೀಸಾಗಿ ಕರಗುತ್ತದೆ.

ಸಿಟ್ರೇಟ್ ದ್ರಾವಣ ಹಸಿರು ಛಾಯೆಯ ತೆಳು ಜೇನಿನ ಹಾಗಿರುತ್ತದೆ. ಫೆರಿಸೈನೈಡ್‌ನ ಹರಳು ನೋಡಲು ದಾಳಿಂಬೆ ಕಾಳು. ಕರಗಿದ ಮೇಲೆ ಕಿತ್ತಳೆ ಹಳದಿ. ಹರಳಿನ ಮೇಲೆ ನೀಲಿ ಅಥವಾ ಹಸಿರು ಪೊರೆ ಕಂಡರೆ ಅದು ಕೆಡಲು ಶುರುವಾಗಿದೆ ಅಂತ ಅರ್ಥ.

ಬಾಟಲಿಯ ಹೆಸರಿನ ಬಗ್ಗೆ ಒಂದು ಮಾತು. ನಾನು ಮೊದಮೊದಲು ಅಭಿಮಾನದಿಂದ ‘ಅ’ ಮತ್ತು ‘ಆ’ ಅಂತ ಬರೆದಿಟ್ಟಿದ್ದೆ. ಮಂದ ಬೆಳಕಿನಲ್ಲಿ ಎರಡಕ್ಕೂ ಏನು ವ್ಯತ್ಯಾಸ! ಒಂದು ರಾತ್ರಿ ‘ಅ’ಯನ್ನೇ ಎರಡು ಸಲ ಸುರಿದು, ಆರು ಹಾಳೆಗೆ ಬಳಿದು, ಮರುದಿನ ಬಿಸಿಲಲ್ಲಿಟ್ಟು, ತೊಳೆದರೆ ಆರೂ ಬಿಳೀ ಹಾಳೆ. ಈಗ ‘ಹಸಿರು’, ‘ಕೆಂಪು’ ಅಂತ ಬರೆದು ಮುಚ್ಚಳಕ್ಕೂ ಅದೇ ಬಣ್ಣದ ಟೇಪು ಸುತ್ತಿದ್ದೇನೆ, ಸಿರಿಂಜಿಗೂ.

ಬೇರೆ ಬೇರೆಯಾಗಿ ಕತ್ತಲಲ್ಲಿಟ್ಟರೆ ಎರಡೂ ತಿಂಗಳುಗಟ್ಟಲೆ ಇರುತ್ತವೆ. ಕೆಂಪಿಗೆ ಏನೂ ಆಗುವುದಿಲ್ಲ. ಹಸಿರು ಬಾಟಲಿಯಲ್ಲಿ ಮಾತ್ರ ಬೂಷ್ಟು ಹಿಡಿಯುತ್ತದೆ, ಉಪ್ಪಿನಕಾಯಿ ಭರಣಿಯಲ್ಲಿ ಕಾಣುವಂಥದ್ದೇ ತೇಲುವ ಬೂದು ಚಕ್ಕೆ. ಹೆದರಬೇಡಿ, ಸೋಸಿ ಬಳಸಬಹುದು. ಮೊದಲೇ ಥೈಮಾಲ್‌ನ ಒಂದೆರಡು ಹರಳು ಹಾಕಿದರೆ ಬೂಷ್ಟು ದೂರವಿರುತ್ತದೆ. ಓಮಕಾಳಿಗೆ ಆ ಘಾಟು ಕೊಡುವ ವಸ್ತುವೇ ಥೈಮಾಲ್.

ಎರಡನ್ನೂ ಸೇರಿಸುವುದು ಬಳಿಯುವ ಹೊತ್ತಿಗೆ ಮಾತ್ರ. ಬೆರೆತ ದ್ರಾವಣಕ್ಕೆ ಆಯಸ್ಸು ಕೆಲವೇ ಗಂಟೆ, ಆವತ್ತಿನದು ಆವತ್ತಿಗೆ. ಎ4 ಹಾಳೆಗೆ ಹಸಿರು 1.5 ಮಿ.ಲೀ., ಕೆಂಪು 1.5 ಮಿ.ಲೀ. ಪಿಂಗಾಣಿ ಬಟ್ಟಲಿನಲ್ಲಿ ಬೆರೆಸಿ. ಉಕ್ಕಿನ ಬಟ್ಟಲು ಬೇಡ.

ಬ್ರಿಟನ್ನಿನ ರಸಾಯನ ವಿಜ್ಞಾನಿ ಮೈಕ್ ವೇರ್ 1990ರ ದಶಕದಲ್ಲಿ ಸಿಟ್ರೇಟ್ ಬದಲು ಫೆರಿಕ್ ಅಮೋನಿಯಂ ಆಕ್ಸಲೇಟ್ ಬಳಸುವ ಹೊಸ ಸೂತ್ರ ಕೊಟ್ಟಿದ್ದಾರೆ. ಬಿಸಿಲು ಕಡಿಮೆ ಸಾಕು, ಚಿತ್ರ ತೊಳೆಯುವಾಗ ನೀಲಿ ಅಷ್ಟಾಗಿ ಹರಿದುಹೋಗುವುದಿಲ್ಲ. ಆದರೆ ಆಕ್ಸಲೇಟ್ ಹೆಚ್ಚು ವಿಷಕಾರಿ, ಬೆರೆಸುವ ಕ್ರಮವೂ ನಾಜೂಕು, ಕಾಗದದಲ್ಲಿ ಸುಣ್ಣದ ಅಂಶವಿದ್ದರೆ ಸಹಿಸುವುದಿಲ್ಲ. ಹರ್ಷೆಲ್ಲರ ಹಳೆಯ ಸೂತ್ರದಲ್ಲಿ ಇಪ್ಪತ್ತು ಮೂವತ್ತು ಹಾಳೆ ಕೈ ಪಳಗಿದ ಮೇಲೆ ಅತ್ತ ನೋಡಿದರಾಯಿತು.

ಬಳಿಯುವುದು, ಬಿಸಿಲಿಗಿಡುವುದು

ಹತ್ತಿಯ ನಾರಿನ ದಪ್ಪ ಕಾಗದ ಬೇಕು. ಜಲವರ್ಣದ 300 ಜಿಎಸ್‌ಎಂ ಹಾಳೆ ಒಳ್ಳೆಯದು. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿ ಚಿಂದಿಯಿಂದ ತಯಾರಾಗುವ ಕೈಕಾಗದವೂ ನನಗೆ ಚೆನ್ನಾಗಿ ಒದಗಿದೆ. ಒರಟು ಮೈಯಲ್ಲಿ ನೀಲಿ ಆಳವಾಗಿ ಇಳಿಯುತ್ತದೆ, ಸೂಕ್ಷ್ಮ ಗೆರೆಗಳು ಮಾತ್ರ ತುಸು ಕಳೆದುಹೋಗುತ್ತವೆ. ಬಹಳ ದಿನ ಬಾಳಲೆಂದು ಕೆಲವು ಕಾಗದಕ್ಕೆ ತಯಾರಿಕೆಯಲ್ಲೇ ಸುಣ್ಣದ ಪುಡಿ ಸೇರಿಸಿರುತ್ತಾರೆ. ಪುಸ್ತಕಕ್ಕೆ ಅದು ವರ, ನಮ್ಮ ನೀಲಿಗೆ ಶಾಪ. ಅಂಥ ಹಾಳೆಯನ್ನು ಲೀಟರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ನೀರು ತೊಳೆದು, ಒಣಗಿಸಿಟ್ಟುಕೊಳ್ಳಿ.

ಬ್ರಷ್ಷಿಗೆ ಲೋಹದ ಪಟ್ಟಿ ಇರಬಾರದು. ಪಟ್ಟಿಯ ತುಕ್ಕಿನ ಕಣ ದ್ರಾವಣಕ್ಕೆ ಬಿದ್ದರೆ ಚಿತ್ರದಲ್ಲಿ ಬಾಲವಿರುವ ನೀಲಿ ಚುಕ್ಕೆಗಳು ಏಳುತ್ತವೆ. ಸ್ಪಂಜಿನ ಬ್ರಷ್ ಸಾಕು. ಸಿರಿಂಜಿನಿಂದ ಹಾಳೆಯ ಒಂದು ತುದಿಗೆ ಗೆರೆ ಎಳೆದಂತೆ ದ್ರಾವಣ ಬಿಟ್ಟು ಅಡ್ಡಕ್ಕೆ ಎಳೆಯಿರಿ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ತೋಯ್ದು ಮಿನುಗುವ ಕೊಚ್ಚೆ ಎಲ್ಲೂ ನಿಲ್ಲಬಾರದು. ಕೋಣೆಯ ಕಿಟಕಿ ಮುಚ್ಚಿ. ಹಳದಿ ಬೆಳಕಿನ ಬಲ್ಬು ಉರಿಯುತ್ತಿದ್ದರೆ ಅಡ್ಡಿಯಿಲ್ಲ. ಟ್ಯೂಬ್‌ಲೈಟ್ ಆರಿಸಿಬಿಡಿ. ಬಳಿದ ಹಾಳೆ ಎಳೆ ಬಾಳೆಎಲೆಯ ಹಳದಿ ಹಸಿರಿನಲ್ಲಿರಬೇಕು. ಒಣಗುವಾಗಲೇ ನೀಲಿ ತಿರುಗಿದರೆ ಬೆಳಕು ತಾಗಿದೆ, ಇಲ್ಲವೇ ಕಾಗದವೇ ಸರಿಯಿಲ್ಲ. ಪೂರ್ತಿ ಒಣಗಿಸಿ, ಆವತ್ತೇ ಬಳಸಿ. ಕರಾವಳಿಯ ಮಳೆಗಾಲದಲ್ಲಿ ಬಳಿದ ಹಾಳೆಯನ್ನು ರಾತ್ರಿ ಕಳೆದು ಇಟ್ಟರೆ ತೇವಕ್ಕೇ ಅರ್ಧ ಕೆಟ್ಟಿರುತ್ತದೆ.

ನೆಗೆಟಿವ್ ಬೇಕಾದ ಗಾತ್ರದಲ್ಲೇ ಇರಬೇಕು, ಇಲ್ಲಿ ದೊಡ್ಡದು ಮಾಡುವ ವ್ಯವಸ್ಥೆ ಇಲ್ಲ. ಫೋಟೊವನ್ನು ಕಂಪ್ಯೂಟರಿನಲ್ಲಿ ಕಪ್ಪುಬಿಳುಪು ಮಾಡಿ, ಕಪ್ಪು ಬಿಳಿಯಾಗುವಂತೆ, ಬಿಳಿ ಕಪ್ಪಾಗುವಂತೆ ತಿರುಗಿಸಿ, ಇಂಕ್‌ಜೆಟ್ ಪ್ರಿಂಟರಿಗೆಂದೇ ಸಿಗುವ ಪಾರದರ್ಶಕ ಒಎಚ್‌ಪಿ ಹಾಳೆಯಲ್ಲಿ ಮುದ್ರಿಸಿ. ಏನೂ ಇಲ್ಲದಿದ್ದರೆ ಜರಿಗಿಡದ ಎಲೆ, ನುಗ್ಗೆಸೊಪ್ಪಿನ ಎಸಳು ಇಡಿ; ನುಗ್ಗೆಯಷ್ಟು ಚಂದ ಬರುವುದು ನಾನಂತೂ ಬೇರೆ ಕಾಣೆ. ಮೇಲೆ ಗಾಜು, ಕೆಳಗೆ ರಟ್ಟು, ಸುತ್ತ ಕ್ಲಿಪ್ಪು.

ಎಷ್ಟು ಹೊತ್ತು? ನಮ್ಮ ತಾರಸಿಯಲ್ಲಿ ಮಾರ್ಚ್ ತಿಂಗಳ ನಡುಮಧ್ಯಾಹ್ನ 8 ನಿಮಿಷ. ಆಗಸ್ಟಿನ ಮೋಡದಲ್ಲಿ 40 ನಿಮಿಷವೂ ಆಗಿದ್ದಿದೆ. ನಿಮ್ಮದನ್ನು ನೀವೇ ಕಂಡುಕೊಳ್ಳಿ. ಒಂದು ಪಟ್ಟಿ ಕಾಗದದ ಮೇಲೆ ರಟ್ಟು ಮುಚ್ಚಿ, ಎರಡೆರಡು ನಿಮಿಷಕ್ಕೆ ಎರಡು ಬೆರಳಿನಷ್ಟು ಸರಿಸುತ್ತಾ ಹೋಗಿ, ತೊಳೆದು ನೋಡಿದರೆ ಗೊತ್ತಾಗುತ್ತದೆ. ಕಣ್ಣಂದಾಜಿಗೆ ಇನ್ನೊಂದು ಗುರುತಿದೆ: ಗಾಢವಾಗಬೇಕಾದ ಭಾಗ ನೀಲಿ ದಾಟಿ ಬೂದಿ ಹಿಡಿದ ಕಂಚಿನ ಬಣ್ಣಕ್ಕೆ ಬರಬೇಕು. ಅಯ್ಯೋ ಸುಟ್ಟುಹೋಯಿತು ಅನ್ನಿಸುವ ಹೊತ್ತೇ ಸರಿಯಾದ ಹೊತ್ತು. ಹೊಸಬರು ಬೇಗ ತೆಗೆದೇ ಕೆಡಿಸಿಕೊಳ್ಳುವುದು ಹೆಚ್ಚು.

ತೊಳೆಯುವುದು

ಇಲ್ಲಿ ಅವಸರ ಬೇಡ. ಮೂರು ಟ್ರೇ ಇಟ್ಟುಕೊಳ್ಳಿ.

ಮೊದಲನೆಯದರಲ್ಲಿ ಒಂದು ಲೀಟರ್ ನೀರಿಗೆ ಒಂದು ಚಮಚ, ಅಂದರೆ ಸುಮಾರು 5 ಗ್ರಾಂ, ನಿಂಬೆ ಉಪ್ಪು. ಬಿಳಿ ವಿನೆಗರ್ ಇದ್ದರೆ 50 ಮಿ.ಲೀ. ಬೋರ್‌ವೆಲ್ ನೀರಿನ ಕ್ಷಾರವನ್ನು ಇದು ತಗ್ಗಿಸುತ್ತದೆ. ಹಾಳೆಯನ್ನು ಮುಖ ಕೆಳಗಾಗಿ ಇಳಿಸಿ ಮೆಲ್ಲಗೆ ಅಲ್ಲಾಡಿಸಿ. ಹಳದಿ ನೀರು ಹೊಗೆಯಂತೆ ಇಳಿಯುತ್ತದೆ, ಜೊತೆಗೆ ಸ್ವಲ್ಪ ನೀಲಿಯೂ ಇಳಿಯುತ್ತದೆ. ಸ್ವಲ್ಪ ಇಳಿದರೆ ಸಹಜ. ಎರಡು ನಿಮಿಷ ಸಾಕು. ನಿಂಬೆ ಉಪ್ಪನ್ನು ಅತಿ ಮಾಡಬೇಡಿ, ಆಮ್ಲ ಹೆಚ್ಚಿದಷ್ಟೂ ಬಿಳಿಭಾಗ ಶುಭ್ರವಾಗುವುದು ಕಷ್ಟ.

ಎರಡನೆಯದರಲ್ಲಿ ಬರೀ ನೀರು, ಐದಾರು ನಿಮಿಷ, ನಡುವೆ ಒಂದೆರಡು ಸಲ ಬದಲಿಸಿ. ಬಿಳಿಭಾಗದಲ್ಲಿ ಹಳದಿ ಅಂಶ ಕಾಣದಂತಾಗುವವರೆಗೆ ತೊಳೆಯಬೇಕು. ಅದು ಉಳಿದರೆ ಆಮೇಲೆ ಬೆಳಕಿಗೆ ಅದೂ ನೀಲಿಯಾಗುತ್ತದೆ. ನಿಮ್ಮ ನೀರು ಗಡಸಾಗಿದ್ದರೆ ಹತ್ತು ನಿಮಿಷ ದಾಟಿಸಬೇಡಿ. ಬಟ್ಟೆ ಒಗೆದ ಹಾಗೆ ನಲ್ಲಿ ಬಿಟ್ಟು ಮರೆತು ಬಂದರೆ ನನ್ನ ಜೀನ್ಸ್ ಬಣ್ಣವೇ ಗತಿ. ಮಳೆನೀರು ಹಿಡಿದಿಟ್ಟುಕೊಂಡವರು ಈ ಹಂತಕ್ಕೆ ಅದನ್ನೇ ಬಳಸಿ. ನಾನು ಈಗ ತಾರಸಿಯ ಡ್ರಮ್ಮಿನ ನೀರಲ್ಲದೆ ಬೇರೆ ಮುಟ್ಟುವುದಿಲ್ಲ.

ಮೂರನೆಯದು ಬೇಕಿದ್ದರೆ ಮಾತ್ರ. ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ 10 ಮಿ.ಲೀ., ಒಂದು ಲೀಟರ್ ನೀರಿಗೆ. ಹಾಳೆ ಇಳಿಸಿದ ಕ್ಷಣವೇ ಮಂಕು ನೀಲಿ ಕಡುವಾಗಿ ಬಿಡುತ್ತದೆ, ಮಕ್ಕಳನ್ನು ಕರೆದು ತೋರಿಸಬೇಕಾದ ಆಟ. ಪೆರಾಕ್ಸೈಡ್ ಇಲ್ಲದಿದ್ದರೂ ಗಾಳಿಗೆ ಒಣಗಿ ಒಂದು ದಿನದಲ್ಲಿ ಅದೇ ಬಣ್ಣ ತಾನಾಗಿ ಬರುತ್ತದೆ. ಇದು ಅವಸರದವರ ಅಡ್ಡದಾರಿ ಅಷ್ಟೇ.

ಹಾಳೆ ಇಡೀ ತೆಳುನೀಲಿ ಮುಸುಕಿದಂತೆ ಬಂದರೆ ಮೊದಲು ಬಳಿಯುವಾಗಿನ ಬೆಳಕನ್ನು, ಆಮೇಲೆ ಹಳೇ ದ್ರಾವಣವನ್ನು ಅನುಮಾನಿಸಿ. ಬಾವಿ ನೀರಿಗೆ ತುಕ್ಕಿನ ವಾಸನೆ ಇದ್ದರೆ ಆ ಕಬ್ಬಿಣವೂ ಬಿಳಿಭಾಗಕ್ಕೆ ಬಣ್ಣ ಕೊಡಬಹುದು. ನೀಲಿಯೆಲ್ಲ ನೀರಲ್ಲೇ ಹರಿದುಹೋದರೆ ಬಿಸಿಲು ಸಾಲದು, ಇಲ್ಲವೇ ಕಾಗದ ದ್ರಾವಣ ಕುಡಿದಿಲ್ಲ. ಅಂಗಿಯ ಮೇಲೆ ಕಲೆಯಾದರೆ ವಾಷಿಂಗ್ ಸೋಡ ಹಾಕಿ. ನೀಲಿ ಹೋಗಿ ಹಳದಿ ಉಳಿಯುತ್ತದೆ, ಅದನ್ನು ನಿಂಬೆ ಉಪ್ಪು ತೆಗೆಯುತ್ತದೆ. ಹತ್ತಿ ಬಟ್ಟೆಯ ಮೇಲೆ ಸಯನೋಟೈಪ್ ಮಾಡಿ ಯಾರಿಗಾದರೂ ಕೊಡುವವರು ಇದನ್ನು ಹೇಳಿಯೇ ಕೊಡಿ. ನಾನು ತಂಗಿಗೆ ಮಾಡಿಕೊಟ್ಟ ದುಪಟ್ಟ ಮೊದಲ ಒಗೆತದಲ್ಲೇ ಸೋಪಿನ ಪುಡಿಗೆ ಸಿಕ್ಕಿ ಕಾವಿಬಣ್ಣದ ನೆರಳಾಗಿ ಹೊರಬಂತು.

ನೀಲಿ ಬೇಡವಾದರೆ

ಕ್ಷಾರ ನೀಲಿಯನ್ನು ತಿನ್ನುವುದನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದು. ಒಂದು ಲೀಟರ್ ನೀರಿಗೆ 5 ಗ್ರಾಂ ವಾಷಿಂಗ್ ಸೋಡ ಕರಗಿಸಿ, ಒಣಗಿದ ಚಿತ್ರವನ್ನು ಅದರಲ್ಲಿ ಅದ್ದಿ. ನೀಲಿ ನೇರಳೆಯಾಗಿ, ಹಳದಿಯಾಗಿ ಮಾಯವಾಗುತ್ತದೆ. ಪೂರ್ತಿ ಮಾಯವಾಗುವ ಮೊದಲೇ ತೆಗೆದು ಚೆನ್ನಾಗಿ ತೊಳೆದು, ಹಾಲು ಸಕ್ಕರೆ ಇಲ್ಲದ ಗಟ್ಟಿ ಟೀ ಡಿಕಾಕ್ಷನ್ನಿನಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆ ಬಿಡಿ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಕಪ್ಪು ಕಟ್ಟುತ್ತದೆ.

ಟೀಗಿಂತ ನನಗೆ ಅಳಲೆಕಾಯಿ ಇಷ್ಟ. ನಮ್ಮ ಹಿರಿಯರು ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ರಸಾಯನ ಇದು. ಅವರು ಕಬ್ಬಿಣವನ್ನು ಕಷಾಯಕ್ಕೆ ಹಾಕುತ್ತಿದ್ದರು, ನಾವು ಕಬ್ಬಿಣವಿರುವ ಕಾಗದವನ್ನೇ ಕಷಾಯಕ್ಕೆ ಹಾಕುತ್ತೇವೆ. ಗ್ರಂಥಿಗೆ ಅಂಗಡಿಯ ಅಳಲೆಕಾಯಿ ಸಿಪ್ಪೆ 20 ಗ್ರಾಂ ಜಜ್ಜಿ ಅರ್ಧ ಲೀಟರ್ ನೀರಿನಲ್ಲಿ ಕುದಿಸಿ, ಸೋಸಿ, ಆರಿಸಿ ಬಳಸಿ. ಟೀಯಷ್ಟು ಕಾಗದಕ್ಕೆ ಕಲೆ ಹತ್ತಿಸದೆ ಮಸಿಗಪ್ಪು ಕೊಡುತ್ತದೆ. ಮಲೆನಾಡಿನ ಗೆಳೆಯನೊಬ್ಬ ಅಡಿಕೆ ಬೇಯಿಸಿದ ಚೊಗರು ತಂದುಕೊಟ್ಟಿದ್ದ. ಅದರಲ್ಲಿ ಅದ್ದಿದ ಚಿತ್ರ ಚೆನ್ನಾಗಿಯೇ ಕಪ್ಪಾಯಿತು, ಆದರೆ ಬಿಳಿಭಾಗವೂ ಎಲೆಅಡಿಕೆ ಹಾಕಿದವರ ಹಲ್ಲಿನ ಬಣ್ಣಕ್ಕೆ ತಿರುಗಿತು. ಹಳೇ ಮನೆ, ತೊಟ್ಟಿ, ಕಂಬದ ಚಿತ್ರಕ್ಕೆ ಅದೂ ಒಪ್ಪುತ್ತದೆ.

ಮುಂದಿನ ಬಾಟಲಿ: ವ್ಯಾನ್ ಡೈಕ್ ಕಂದು

ಸಿಟ್ರೇಟ್ ಡಬ್ಬಿ ಹೇಗೂ ಇದೆ. ಅದಕ್ಕೆ ಬೆಳ್ಳಿ ಸೇರಿಸಿದರೆ ಚಾಕೊಲೇಟ್ ಕಂದು ಚಿತ್ರ ಬರುತ್ತದೆ. ಇದರ ಬೇರು ಕೂಡ ಹರ್ಷೆಲ್ಲರ 1842ರ ಪ್ರಯೋಗಗಳಲ್ಲೇ ಇದೆ. ಹೆಸರು ಮಾತ್ರ ಚಿತ್ರಕಾರ ವ್ಯಾನ್ ಡೈಕ್ ಬಳಸುತ್ತಿದ್ದ ಕಂದು ಬಣ್ಣದ್ದು.

ಮೂರು ಲೋಟ, ಪ್ರತಿಯೊಂದರಲ್ಲೂ 33 ಮಿ.ಲೀ. ಡಿಸ್ಟಿಲ್ಡ್ ನೀರು. ಒಂದಕ್ಕೆ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 9 ಗ್ರಾಂ, ಇನ್ನೊಂದಕ್ಕೆ ಟಾರ್ಟಾರಿಕ್ ಆಮ್ಲ 1.5 ಗ್ರಾಂ, ಮೂರನೆಯದಕ್ಕೆ ಸಿಲ್ವರ್ ನೈಟ್ರೇಟ್ 3.8 ಗ್ರಾಂ. ಮೊದಲೆರಡನ್ನು ಸೇರಿಸಿ. ಆಮೇಲೆ ಬೆಳ್ಳಿಯ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಕಲಕುತ್ತಲೇ ಇರಿ. ತುಸು ಗಸಿ ಎದ್ದರೂ ಕಲಕಿದಂತೆ ಕರಗುತ್ತದೆ. 100ಕ್ಕೆ ತುಂಬಿಸಿ, ಕಂದು ಬಾಟಲಿಯಲ್ಲಿ ಎರಡು ದಿನ ಕತ್ತಲಲ್ಲಿ ಮಾಗಲು ಬಿಡಿ. ಸಯನೋಟೈಪಿನ ಹಾಗೆ ಇಲ್ಲಿ ಬಿಡಿ ಬಾಟಲಿಗಳಿಲ್ಲ, ಇದು ಬೆರೆತೇ ತಿಂಗಳುಗಟ್ಟಲೆ ಇರುತ್ತದೆ.

ಇಲ್ಲಿ ಆರ್‌ಒ ನೀರೂ ಸಾಲದು, ಡಿಸ್ಟಿಲ್ಡೇ ಬೇಕು. ಕಾರಣ ಕಣ್ಣಾರೆ ನೋಡಬೇಕಾದರೆ ಒಂದು ಲೋಟ ನಲ್ಲಿ ನೀರಿಗೆ ಸಿಲ್ವರ್ ನೈಟ್ರೇಟ್‌ನ ಒಂದು ಹನಿ ಬಿಡಿ. ಹನಿ ಬಿದ್ದಲ್ಲಿಂದ ಬಿಳೀ ಎಳೆಗಳು ಇಳಿದು, ನೀರೆಲ್ಲ ಅಕ್ಕಿ ತೊಳೆದ ಕಚ್ಚಿನಂತಾಗುತ್ತದೆ. ನೀರಿನ ಉಪ್ಪು ಬೆಳ್ಳಿಯನ್ನು ಹಿಡಿದುಕೊಂಡಿತು. ಹಾಗೆ ಹಿಡಿದ ಬೆಳ್ಳಿ ಚಿತ್ರಕ್ಕೆ ದಕ್ಕುವುದಿಲ್ಲ. ಬೆರೆಸುವ ನೀರು ಯಾವ ಜಾತಿಯದು ಅಂತ ತಿಳಿಯಲು ಇದಕ್ಕಿಂತ ನೇರ ಪರೀಕ್ಷೆ ನನಗೆ ಗೊತ್ತಿಲ್ಲ.

ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಆ ಕ್ಷಣ ಏನೂ ಕಾಣುವುದಿಲ್ಲ, ಮರುದಿನ ಬೆಳಕಿಗೆ ಗೋರಂಟಿಗಿಂತ ಗಟ್ಟಿಯಾಗಿ ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಕೈಗೆ ಬಿದ್ದರೆ ನಗು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕಣ್ಣು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಹಾಕದೆ ಈ ಬಾಟಲಿ ತೆರೆಯಬೇಡಿ. ಅಮೋನಿಯಾ ಇರುವ ಯಾವ ಕ್ಲೀನರನ್ನೂ ಇದರ ಹತ್ತಿರ ತರಬೇಡಿ, ಆ ಎರಡು ಸೇರಿ ನಿಂತರೆ ಸ್ಫೋಟಕ ವಸ್ತು ಆಗಬಲ್ಲದು.

ಬಿಸಿಲು ಸಯನೋಟೈಪಿಗಿಂತ ಕಡಿಮೆ ಸಾಕು, ನಮ್ಮಲ್ಲಿ 3 ನಿಮಿಷದ ಆಸುಪಾಸು. ಚಿಟಿಕೆ ನಿಂಬೆ ಉಪ್ಪಿನ ನೀರಿನಲ್ಲಿ ತೊಳೆಯಿರಿ. ಹಾಲುನೀರು ಇಳಿಯುವುದು ನಿಲ್ಲುವವರೆಗೆ ನೀರು ಬದಲಿಸುತ್ತಿರಿ. ಆಮೇಲೆ ಲೀಟರಿಗೆ 30 ಗ್ರಾಂ ಹೈಪೊ (ಫಿಕ್ಸರ್ ಆಗಿ ಬಳಸುವ ಸೋಡಿಯಂ ಥಯೋಸಲ್ಫೇಟ್) ಕರಗಿಸಿದ ನೀರಿನಲ್ಲಿ ಎರಡು ಮೂರು ನಿಮಿಷ. ಹೈಪೊಗೆ ಇಳಿಸಿದೊಡನೆ ಸಪ್ಪೆ ಹಳದಿಗಂದು ಒಮ್ಮೆಲೇ ಕಡುವಾಗುತ್ತದೆ. ಕೊನೆಗೆ ಅರ್ಧ ಗಂಟೆ ನೀರು. ಹೈಪೊ ಅಥವಾ ಕಬ್ಬಿಣ ಕಾಗದದಲ್ಲಿ ಉಳಿದರೆ ಚಿತ್ರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ನೀಲಿಯನ್ನು ಅತಿ ತೊಳೆದರೆ ಕೆಡುತ್ತದೆ, ಕಂದನ್ನು ಕಡಿಮೆ ತೊಳೆದರೆ ಕೆಡುತ್ತದೆ.

ಬಳಸಿದ ಹೈಪೊದಲ್ಲಿ ಬೆಳ್ಳಿ ಕರಗಿರುತ್ತದೆ. ಕೆರೆ, ಬಾವಿ, ಗಿಡದ ಬುಡ ಯಾವುದಕ್ಕೂ ಅದನ್ನು ಸುರಿಯಬೇಡಿ, ಮೀನುಗಳಿಗೂ ನೀರಿನ ಸಣ್ಣ ಜೀವಿಗಳಿಗೂ ಬೆಳ್ಳಿ ವಿಷ. ಬಾಲ್ಕನಿಯ ಮೂಲೆಯಲ್ಲಿ ಮುಚ್ಚಳವಿರುವ ಪ್ಲಾಸ್ಟಿಕ್ ಕ್ಯಾನೊಂದನ್ನು ಇದಕ್ಕೇ ಇಟ್ಟಿದ್ದೇನೆ. ಒಳಗೆ ಪಾತ್ರೆ ಉಜ್ಜುವ ಕಬ್ಬಿಣದ ನಾರಿನ ಉಂಡೆ ಹಾಕಿದರೆ ಕಬ್ಬಿಣ ಕರಗುತ್ತಾ ಬೆಳ್ಳಿಯನ್ನು ಹೊರಗೆ ತಳ್ಳುತ್ತದೆ. ವಾರ ಬಿಟ್ಟು ನೋಡಿದರೆ ತಳದಲ್ಲಿ ಕಪ್ಪು ಕೆಸರು ಕೂತಿರುತ್ತದೆ. ಎರಡು ವರ್ಷದ ಕೆಸರನ್ನು ಒಣಗಿಸಿ ಪೊಟ್ಟಣ ಕಟ್ಟಿಟ್ಟಿದ್ದೇನೆ, ಮುಷ್ಟಿಯಷ್ಟೂ ಆಗಿಲ್ಲ.